ಲಾಸ್ಯಳ ಕೆನ್ನೆ

ಲಾಸ್ಯಳ ಕೆನ್ನೆ ತುಂಬಿಕೊಂಡಿದೆಯೋ, ಊದಿಕೊಂಡಿದೆಯೋ?

ಬೆಳಿಗ್ಗೆ ಕಣ್ಣು ಬಿಟ್ಟಾಗಿನಿಂದ ಧನುಶ್ರೀಗೆ ಇದೇ ಚಿಂತೆ. ಹಾಲು ಕಾಯಿಸುವಾಗಲೂ ಇದೇ, ಮಗಳ ಜಡೆ ಹೆಣೆಯುವಾಗಲೂ ಇದೇ. ಕನ್ನಡಿಯಲ್ಲಿ ಕಾಣುವ ಆ ದುಂಡು ಮುಖವನ್ನು ನೋಡುತ್ತಾ ನೋಡುತ್ತಾ ಬಾಚಣಿಗೆ ಅರ್ಧದಲ್ಲೇ ನಿಂತುಬಿಡುತ್ತಿತ್ತು. "ಈಚೆ ತಿರುಗು" ಅನ್ನುವಳು. ಮಗು ತಿರುಗಿದರೆ ಹೆಬ್ಬೆರಳಿನಿಂದ ಕೆನ್ನೆಯನ್ನು ಮೆತ್ತಗೆ ಒತ್ತುವಳು. ಗುಳಿ ಬೀಳುತ್ತದೆಯೇ? ಇಲ್ಲ. ಹಾಗಾದರೆ ಊತವಲ್ಲ. ಹಾಗಾದರೆ ಇನ್ನೇನು?

"ಅಮ್ಮಾ, ನಾನೇನು ಬನ್ನಾ, ದಿನಾ ಒತ್ತಿ ನೋಡೋಕೆ?" ಎಂದಳು ಲಾಸ್ಯ. ಒಂದನೇ ಕ್ಲಾಸಿನ ಹುಡುಗಿ, ಆದರೆ ಮಾತೆಲ್ಲ ಅಜ್ಜಿಯದು.

ಈ ಚಿಂತೆಯನ್ನು ಹೇಳಿಕೊಳ್ಳೋಣವೆಂದರೆ ಕೇಳುವವರೇ ಇರಲಿಲ್ಲ. ದಟ್ಟಗಳ್ಳಿಯ ಆ ಬೀದಿಯಲ್ಲಿ ಲಾಸ್ಯಳನ್ನು ಕಂಡವರೆಲ್ಲ ಹೊಗಳುವವರೇ. ಮೊನ್ನೆ ನೆಂಟರ ಮನೆಯ ನಾಮಕರಣದಲ್ಲಿ ಹೆಂಗಸರು ಸಾಲಾಗಿ ಬಂದು ಅವಳ ಗಲ್ಲ ಹಿಂಡಿದ್ದರು. "ಹೋದ ವರ್ಷ ಕಡ್ಡಿ ಕಡ್ಡಿ ಇದ್ಲಲ್ರೀ ಪ್ರೇಮಲೀಲಮ್ಮ, ಈಗ ನೋಡಿ, ಒಳ್ಳೆ ಸೀಬೇಹಣ್ಣು ಆಗವ್ಳೆ" ಅಂದಿದ್ದರು. ಧನುಶ್ರೀಯ ಅತ್ತೆ ಪ್ರೇಮಲೀಲಾ ಹಿಗ್ಗಿ ಹೀರೇಕಾಯಿಯಾಗಿ, ಮನೆಗೆ ಬಂದವರೇ ಮೊದಲು ಮಾಡಿದ ಕೆಲಸ ಉಪ್ಪು ಮೆಣಸಿನಕಾಯಿಯಿಂದ ದೃಷ್ಟಿ ಇಳಿ ತೆಗೆದದ್ದು. ಗಂಡ ಅಮರೇಶ್ ಅಂತೂ, "ನಿನಗೆ ಮಗು ಸಣ್ಣ ಇದ್ರೂ ಕಷ್ಟ, ದಪ್ಪ ಆದ್ರೂ ಕಷ್ಟ. ಗೂಗಲ್ ಡಾಕ್ಟ್ರಮ್ಮ, ಸ್ವಲ್ಪ ರಜಾ ಹಾಕು" ಎಂದು ನಕ್ಕು, ಹೆಬ್ಬಾಳ ಕೈಗಾರಿಕಾ ಪ್ರದೇಶದ ತನ್ನ ಕಾರ್ಖಾನೆಗೆ ಬೈಕು ಹತ್ತಿದ್ದ.

ಧನುಶ್ರೀಗೆ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಆ ದುಂಡು ಮುಖವನ್ನು ಅವಳು ಹಿಂದೆ ಎಲ್ಲೋ ನೋಡಿದ್ದಳು. ಎಲ್ಲೋ ಏನು, ಗೂಗಲ್‌ನಲ್ಲೇ ನೋಡಿದ್ದಳು.

*

ಧನುಶ್ರೀ ಹುಟ್ಟಿದ್ದು, ಬೆಳೆದದ್ದು ಶ್ರೀರಾಂಪುರದಲ್ಲಿ. ಬಿ.ಕಾಂ. ಮುಗಿಸಿ, ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದವಳು. ಓದಿದ ಹುಡುಗಿ, ಯಾವುದನ್ನೂ ಕಣ್ಣು ಮುಚ್ಚಿ ನಂಬುವವಳಲ್ಲ ಎಂದು ತನ್ನ ಬಗ್ಗೆ ತನಗೇ ಒಂದು ಹೆಮ್ಮೆ. ಲಾಸ್ಯಳಿಗೆ ಮೊದಲ ಸಲ ಉಸಿರು ಕಟ್ಟಿದಾಗ ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ. ಎದೆಯೊಳಗೆ ಬೆಕ್ಕಿನ ಮರಿ ಕೂತು ಅಳುತ್ತಿರುವ ಹಾಗೆ ಸದ್ದು. ಪಕ್ಕೆಲುಬಿನ ಕೆಳಗೆ ಚರ್ಮ ಗುಳಿ ಬಿದ್ದು ಬಿದ್ದು ಏಳುತ್ತಿತ್ತು. ಅವತ್ತೇ ಅವಳು ಕೆಲಸಕ್ಕೆ ರಜೆ ಹಾಕಿದ್ದು. ಆ ರಜೆ ಮುಗಿಯಲೇ ಇಲ್ಲ.

ಒಂಟಿಕೊಪ್ಪಲಿನ ಮಕ್ಕಳ ಡಾಕ್ಟರು ಬಿಂದುಮಾಧವ ಇದು ಉಬ್ಬಸ ಎಂದು ಹೇಳಿ ಎರಡು ಪಫ್, ಎಂದರೆ ಇನ್‌ಹೇಲರ್, ಬರೆದುಕೊಟ್ಟರು. ಕೇಸರಿ ಬಣ್ಣದ್ದು ದಿನಾ, ಕೆಮ್ಮು ಇರಲಿ ಇಲ್ಲದಿರಲಿ. ನೀಲಿಯದು ಉಸಿರು ಕಷ್ಟವಾದಾಗ ಮಾತ್ರ. ಮಗು ತಾನಾಗಿ ಎಳೆದುಕೊಳ್ಳಲಾರದು ಎಂದು ಸ್ಪೇಸರ್ ಎನ್ನುವ ಉದ್ದನೆಯ ಪ್ಲಾಸ್ಟಿಕ್ ಕೊಳವೆ, ಅದರ ತುದಿಗೆ ಕರಡಿ ಮುಖದ ಮಾಸ್ಕು. "ಪಫ್ ಒತ್ತಿ, ಮಗು ಅದರೊಳಗೇ ಉಸಿರಾಡಲಿ, ನಿಧಾನಕ್ಕೆ ಎಣಿಸಿ. ಇಷ್ಟೇ ಕಣಮ್ಮ, ರಾಕೆಟ್ ಬಿಡೋ ಕೆಲಸ ಅಲ್ಲ" ಅಂದಿದ್ದರು.

ಲಾಸ್ಯ ಕರಡಿಗೆ ಕಪ್ಪಣ್ಣ ಎಂದು ಹೆಸರಿಟ್ಟಳು. ನೀಲಿ ಪಫ್ ಮೇಲೆ ಚಿಟ್ಟೆಯ ಸ್ಟಿಕ್ಕರ್ ಅಂಟಿಸಿದಳು. ಎಲ್ಲ ಸರಿಯಾಗೇ ನಡೆಯುತ್ತಿತ್ತು. ಆದರೆ ಒಂದು ದಿನ ಧನುಶ್ರೀ ಕೇಸರಿ ಪಫ್ಫಿನ ಡಬ್ಬಿಯೊಳಗಿನ ಮಡಿಸಿದ ಕಾಗದವನ್ನು ಬಿಡಿಸಿ ಓದಿಬಿಟ್ಟಳು. ಅದರಲ್ಲಿ ಸ್ಟೆರಾಯ್ಡ್ ಎಂಬ ಮಾತಿತ್ತು.

ಅಲ್ಲಿಂದ ಅವಳಿಗೆ ನಿದ್ದೆ ಹೋಯಿತು. ಫೋನು ಕೈಯಲ್ಲಿ ಹಿಡಿದು ಸ್ಟೆರಾಯ್ಡ್ ಎಂದು ಹುಡುಕಿದರೆ ಬಂದದ್ದು ಒಂದೇ ಎರಡೇ? ಮೂಳೆ ಸವೆಯುತ್ತದೆ, ಎತ್ತರ ನಿಲ್ಲುತ್ತದೆ, ಸಕ್ಕರೆ ಏರುತ್ತದೆ. ಒಂದು ಚಿತ್ರ ಮಾತ್ರ ಕಣ್ಣಿನಿಂದ ಅಳಿಯಲೇ ಇಲ್ಲ. ಯಾವುದೋ ದೇಶದ ಒಂದು ಮಗು, ಹುಣ್ಣಿಮೆ ಚಂದ್ರನ ಹಾಗೆ ಉಬ್ಬಿದ ಮುಖ, ಕೆನ್ನೆಯ ನಡುವೆ ಹೂತುಹೋದ ಕಣ್ಣು.

ಡಾಕ್ಟರನ್ನು ಕೇಳಿದಳು. ಅವರು ಬೇಸರಪಡಲಿಲ್ಲ. "ಅದು ವರ್ಷಗಟ್ಟಲೆ ಗುಳಿಗೆ ನುಂಗಿದವರ ಫೋಟೋ ಕಣಮ್ಮ. ಇದು ನೇರ ಶ್ವಾಸಕೋಶಕ್ಕೆ ಹೋಗೋದು, ಸಾಸಿವೆಯಷ್ಟು. ಸಾಸಿವೆಗೆ ಹೆದರಿ ಒಗ್ಗರಣೇನೇ ಬಿಟ್ರೆ ಹೆಂಗೆ?" ಅಂದರು. ಧನುಶ್ರೀ ತಲೆ ಆಡಿಸಿದಳು. ಮೆಟ್ಟಿಲು ಇಳಿಯುವಷ್ಟರಲ್ಲಿ ಆ ಫೋಟೋ ಮತ್ತೆ ಕಣ್ಣ ಮುಂದೆ.

ಹೀಗೆ ಶುರುವಾಯಿತು ಪಫ್ ಬಿಡಿಸುವ ಸಾಹಸ. ಅದನ್ನು ಶುರುಮಾಡಿದ್ದು ಅತ್ತೆಯಲ್ಲ, ಅವಳೇ. ದೊಡ್ಡಪತ್ರೆ ರಸ, ಮೆಣಸು ಜೇನು, ತುಳಸಿ ಕಷಾಯ. ಅವುಗಳಿಂದ ಗಂಟಲಿಗೆ ಹಿತವಾಯಿತು, ಉಬ್ಬಸಕ್ಕೆ ಏನೂ ಆಗಲಿಲ್ಲ. ಹಬೆ ಹಿಡಿಸಲು ಹೋಗಿ ಪಾತ್ರೆ ಮಗುಚಿ ಲಾಸ್ಯಳ ತೊಡೆ ಸುಟ್ಟಿತು. ಆ ಕಲೆ ಇನ್ನೂ ಇದೆ. ಗೋಕುಲಂನ ಯೋಗಶಾಲೆಗೆ ಕರೆದುಕೊಂಡು ಹೋದಳು. ಅಲ್ಲಿನ ಮೇಡಂ ಮಗುವಿಗೆ ಉಸಿರಾಟದ ಆಟಗಳನ್ನು ಚೆನ್ನಾಗೇ ಹೇಳಿಕೊಟ್ಟರು. ಕೊನೆಗೆ, "ಇದನ್ನ ಪಫ್ ಜೊತೆಗೆ ಮಾಡಿಸಿ. ಪಫ್ ಬದಲಿಗೆ ಅಲ್ಲ" ಅಂದುಬಿಟ್ಟರು. ಧನುಶ್ರೀ ಕೇಳಲು ಬಂದಿದ್ದು ಆ ಮಾತನ್ನಲ್ಲ. ಮಾರನೇ ವಾರದಿಂದ ಯೋಗಶಾಲೆಯೂ ನಿಂತಿತು.

ಆಗ ಅತ್ತೆ ಬಾಯಿ ಬಿಟ್ಟರು. ಪ್ರೇಮಲೀಲಾಗೂ ಒಂದು ಭಯವಿತ್ತು, ಅದು ಬೇರೆಯದು. ಅವರ ತಂಗಿ ಪಾರ್ವತಮ್ಮನಿಗೂ ಉಬ್ಬಸ. ಹೆಣ್ಣು ನೋಡಲು ಬಂದವರ ಮುಂದೆ ಕೆಮ್ಮು ಹತ್ತಿ, ಸೆರಗಿನ ಮರೆಯಲ್ಲಿ ಪಫ್ ಎಳೆದುಕೊಂಡದ್ದನ್ನು ಗಂಡಿನ ತಾಯಿ ನೋಡಿ, ಕಾಫಿ ಲೋಟ ಹಾಗೇ ಇಟ್ಟು ಎದ್ದುಹೋಗಿದ್ದರು. "ಅದು ಒಂದ್ಸಲ ಬಾಯಿಗೆ ಹತ್ತಿದ್ರೆ ಬುಡಲ್ಲ ಕಣೇ. ನಮ್ಮ ಶಿವಕುಮಾರ ಒಬ್ಬ ಅಯ್ಯನವರ ವಿಷಯ ಹೇಳ್ತಾ ಇದ್ದ. ಪುಡಿ ಕೊಡ್ತಾರಂತೆ. ದುಡ್ಡು ಮುಟ್ಟಲ್ವಂತೆ. ಒಂದ್ಸಲ ಹೋಗ್ಬರೋಣ, ಗಂಟೇನು ಹೋಗುತ್ತೆ?"

ಶಿವಕುಮಾರ್ ಅತ್ತೆಯ ಅಣ್ಣನ ಮಗ. ಅಮಾವಾಸ್ಯೆಯ ದಿನ ತನ್ನ ಕಾರಿನಲ್ಲೇ ಕೂರಿಸಿಕೊಂಡು ಹೋದ.

*

ನಂಜನಗೂಡು ದಾಟಿ ಒಳಗೆ ಹೋಗುವ ಒಂದು ಊರು. ಅಯ್ಯನವರ ಮನೆ ಮುಂದೆ ಕಾರುಗಳು ಸಾಲುಗಟ್ಟಿ ನಿಂತಿದ್ದವು. ಧನುಶ್ರೀ ಕಾವಿ, ಜಡೆ, ಕೆಂಗಣ್ಣು ಇರುತ್ತದೆಂದು ಎಣಿಸಿದ್ದಳು. ಇವರು ಬಿಳಿ ಪಂಚೆಯುಟ್ಟ, ಕನ್ನಡಕದ, ಹಣೆ ತುಂಬ ವಿಭೂತಿಯ ಮೃದು ಮಾತಿನ ಮನುಷ್ಯ. ಮಗುವಿನ ನಾಡಿ ಹಿಡಿದು, ಬೆನ್ನಿಗೆ ಕಿವಿಯಿಟ್ಟು ಕೇಳಿದರು. ಬೂದಿ ಬಣ್ಣದ ಪುಡಿಯ ಪೊಟ್ಟಣ ಕೊಟ್ಟರು. "ಬೆಳಿಗ್ಗೆ ಲಿಂಗಪೂಜೆ ಆದ್ಮೇಲೆ ಒಂದು ಚಿಟಿಕೆ, ಜೇನಲ್ಲಿ. ಮುಂದಿನ ಅಮಾಸೆಗೆ ಬನ್ನಿ, ಮತ್ತೆ ಕೊಡ್ತೀನಿ. ನಡುವೆ ಬಂದ್ರೆ ಕೊಡಲ್ಲ."

"ಇದರಲ್ಲಿ ಏನೇನಿದೆ ಅಯ್ಯನವ್ರೆ?" ಎಂದು ಧನುಶ್ರೀ ಕೇಳಿದಳು. ಓದಿದವಳಲ್ಲವೇ!

"ಬೇರು, ನಾರು ತಾಯಿ. ಹೆಸರು ಹೇಳಿದ್ರೆ ಗುಣ ಹೋಗುತ್ತೆ."

ಅತ್ತೆ ಅವಳ ಮೊಣಕೈ ತಿವಿದರು.

ಜಗಲಿಯ ಮೂಲೆಯಲ್ಲಿ ಒಂದು ದೊಡ್ಡ ಬಿದಿರಿನ ಬುಟ್ಟಿಯಿತ್ತು. ಅದರ ತುಂಬ ಪಫ್‌ಗಳು. ನೀಲಿ, ಕೇಸರಿ, ನೇರಳೆ; ಹೊಸವು, ಹಳೆಯವು, ಮುಚ್ಚಳ ಕಳೆದುಕೊಂಡವು. ಮೇಲೊಂದಷ್ಟು ಸೇವಂತಿಗೆ ಹೂವು. ಪುಡಿ ತೆಗೆದುಕೊಂಡವರು ಪಫ್ಫನ್ನು ಆ ಬುಟ್ಟಿಗೆ ಒಪ್ಪಿಸಿ ಹೋಗಬೇಕು, ಅದು ಅಲ್ಲಿಯ ಕ್ರಮ. ಕಾಶಿಗೆ ಹೋದವರು ಇಷ್ಟದ ಕಾಯಿಪಲ್ಲೆ ಬಿಟ್ಟು ಬರುವುದಿಲ್ಲವೇ, ಹಾಗೆ.

"ಒಂದು ಮೈಗೆ ಎರಡು ಮದ್ದು ಬೇಡ" ಎಂದರು ಅಯ್ಯನವರು. "ಈ ಪುಡಿ ಒಳಗಿರುವಾಗ ಆ ಗಾಳಿ ಒಳಗೆ ಹೋದ್ರೆ ವಿಷ ಆಗುತ್ತೆ. ನಂಬಿಕೆ ಇದ್ರೆ ಒಪ್ಸಿ. ಇಲ್ದಿದ್ರೆ ಬೇಜಾರಿಲ್ಲ, ಮಜ್ಜಿಗೆ ಕುಡ್ಕೊಂಡು ಹೊರಡಿ."

ಮಗುವೇ ಒಪ್ಪಿಸಬೇಕಂತೆ. ಲಾಸ್ಯ ಕೇಸರಿಯದನ್ನು ಹಾಕಿದಳು. ನೀಲಿಯದನ್ನು ಹಿಡಿದುಕೊಂಡು ಅಮ್ಮನ ಮುಖ ನೋಡಿದಳು. "ಚಿಟ್ಟೆ ಇದೆ ಅಮ್ಮ" ಎಂದಳು. "ಹಾಕು ಪುಟ್ಟಿ, ಬೇರೆ ಚಿಟ್ಟೆ ಕೊಡಿಸ್ತೀನಿ" ಎಂದಳು ಧನುಶ್ರೀ. ಆ ಮಾತು ಹೇಳುವಾಗ ಅವಳ ಕಣ್ಣ ಮುಂದೆ ಇದ್ದದ್ದು ಆ ಚಂದ್ರನ ಮುಖದ ಮಗು. ಆ ಮಗುವಿನ ಗತಿ ನನ್ನ ಮಗಳಿಗೆ ಬೇಡ, ಅಷ್ಟೇ.

ಸ್ಪೇಸರ್ ಮನೆಯಲ್ಲೇ ಉಳಿದಿತ್ತು. ಅದು ಆಟದ ಸಾಮಾನಾಯಿತು. ಲಾಸ್ಯ ತನ್ನ ಗೊಂಬೆಗೆ ದಿನಾ ಬೆಳಿಗ್ಗೆ ಕರಡಿ ಮುಖ ಹಿಡಿದು, "ಉಸಿರು ತಗೋ, ಬಿಡು, ತಗೋ, ಬಿಡು" ಅನ್ನುತ್ತಿದ್ದಳು. ಆ ಮನೆಯಲ್ಲಿ ಪಥ್ಯ ಮುರಿದದ್ದು ಆ ಗೊಂಬೆಯೊಂದೇ.

*

ಪುಡಿ ಕೆಲಸ ಮಾಡಿತು. ಸುಳ್ಳಲ್ಲ, ಪವಾಡದ ಹಾಗೆ ಕೆಲಸ ಮಾಡಿತು. ಕೆಲವೇ ದಿನಗಳಲ್ಲಿ ಎದೆಯೊಳಗಿನ ಬೆಕ್ಕಿನ ಮರಿ ಎದ್ದುಹೋಯಿತು. ಲಾಸ್ಯ ಓಡಿದಳು, ಕುಣಿದಳು, ಸ್ಕೂಲಿನ ಆಟದಲ್ಲಿ ನಿಂಬೆಹಣ್ಣು ಚಮಚ ಹಿಡಿದು ಗೆದ್ದು ಬಂದಳು. ಧನುಶ್ರೀ ಬಚ್ಚಲಿನ ಬಾಗಿಲು ಹಾಕಿಕೊಂಡು ಖುಷಿಗೆ ಅತ್ತಳು.

ಅದೇ ಸಮಯಕ್ಕೆ ಡಾಕ್ಟರು ಬಿಂದುಮಾಧವ ತಾವೇ ಫೋನ್ ಮಾಡಿದ್ದರು. "ಏನಮ್ಮಾ, ಆಸಾಮಿ ಪತ್ತೇನೇ ಇಲ್ಲ? ಪಫ್ ನಡೀತಾ ಇದೆಯಾ?"

"ನಡೀತಾ ಇದೆ ಸಾರ್" ಎಂದಿದ್ದಳು. ಸುಳ್ಳು ಎಷ್ಟು ಸಲೀಸಾಗಿ ಬಂತು!

"ವೆರಿ ಗುಡ್. ನಿಮ್ಮಂಥ ತಾಯಂದಿರು ಮನೆಮನೇಲೂ ಇದ್ರೆ ನಾನು ಕ್ಲಿನಿಕ್ ಮುಚ್ಚಿ ತೋಟ ಮಾಡಬಹುದು."

ಆ ಹೊಗಳಿಕೆಗೆ ಧನುಶ್ರೀ ಬೇಗ ಬೇಗ ಥ್ಯಾಂಕ್ಸ್ ಹೇಳಿ ಫೋನ್ ಇಟ್ಟಳು.

ಆಮೇಲೆ ಹಸಿವು ಬಂತು. ಊಟ ಮಾಡಿದ ಕೈ ಒಣಗುವ ಮೊದಲೇ ಲಾಸ್ಯ, "ಅಮ್ಮಾ, ಇನ್ನೊಂದು ದೋಸೆ" ಅನ್ನುವಳು. ಕೊಡದಿದ್ದರೆ ಸಿಟ್ಟು, ಅಳು, ತಟ್ಟೆ ಎಸೆತ. ಮೊದಲು ಹಾಗಿರಲಿಲ್ಲ. ಕೆನ್ನೆ ದುಂಡಗಾಯಿತು, ಹೊಟ್ಟೆ ಮುಂದೆ ಬಂತು, ಕೈಕಾಲು ಮಾತ್ರ ಹಾಗೇ ಸಣ್ಣ. ಬೆನ್ನಿನ ಮೇಲೆ, ಹಣೆಯ ಅಂಚಿನಲ್ಲಿ ನವಿರಾದ ಕೂದಲು. ಧನುಶ್ರೀಗೆ ಆ ಫೋಟೋ ನೆನಪಾದದ್ದು ಆಗ. ಮತ್ತೆ ಹುಡುಕಿ ತೆಗೆದಳು. ಮಲಗಿದ್ದ ಮಗಳ ಮುಖದ ಪಕ್ಕಕ್ಕೆ ಫೋನು ಹಿಡಿದು ನೋಡಿದಳು. ತಟಕ್ಕನೆ ಫೋನು ಕವುಚಿ ಹಾಕಿದಳು.

ಯಾವ ಭೂತಕ್ಕೆ ಹೆದರಿ ಓಡಿದಳೋ ಅದೇ ಭೂತ ಆ ಪೊಟ್ಟಣದೊಳಗೆ ಕೂತಿದೆಯೇ? ಸಾಸಿವೆಯಷ್ಟಲ್ಲ, ಚಿಟಿಕೆಗಟ್ಟಲೆ? ಬೇರು ನಾರು ಅಂದರಲ್ಲ. ದುಡ್ಡು ಮುಟ್ಟದ ಮನುಷ್ಯ ಮೋಸ ಮಾಡುತ್ತಾನೆಯೇ? ಅವರಿಗೇ ಗೊತ್ತಿಲ್ಲದೆ ಯಾರೋ ಬೆರೆಸಿಕೊಡುತ್ತಿದ್ದಾರೆಯೇ? ಇಲ್ಲ, ಇದೆಲ್ಲ ನನ್ನ ಅನುಮಾನದ ರೋಗ. ಮಗು ಚೆನ್ನಾಗಿದೆಯಲ್ಲ, ಉಸಿರಾಡುತ್ತಿದೆಯಲ್ಲ.

ದಿನಕ್ಕೊಂದು ಸಲವಾದರೂ ಡಾಕ್ಟರ ನಂಬರ್ ಒತ್ತುವಳು. ಒಂದು ರಿಂಗ್ ಆಗುತ್ತಲೇ ಕಟ್ ಮಾಡುವಳು. ಏನೆಂದು ಹೇಳುವುದು? ನಡೀತಾ ಇದೆ ಎಂದವಳು ಈಗ ಯಾವ ಬಾಯಲ್ಲಿ ಹೇಳುವುದು?

*

ಇದು ಹೀಗೇ ಎಳೆಯುತ್ತಾ ಹೋಗುತ್ತಿತ್ತೋ ಏನೋ. ಆದರೆ ಈ ಸಲ ಅಮಾವಾಸ್ಯೆ ಇನ್ನೂ ದೂರವಿರುವಾಗಲೇ ಪುಡಿ ಮುಗಿದುಹೋಯಿತು.

"ಅದ್ಹೇಗೆ ಮುಗೀತು ಅತ್ತೆ? ಪ್ರತಿ ಸಲ ಮಿಕ್ತಾ ಇತ್ತಲ್ಲ?"

"ಆ ಅಯ್ಯನವರೇ ಕಮ್ಮಿ ಕೊಟ್ಟಿರ್ಬೇಕು ಬುಡು" ಎಂದು ಪ್ರೇಮಲೀಲಾ ಪೂಜೆಯ ತಟ್ಟೆ ತೊಳೆಯಲು ಎದ್ದರು.

ಶಿವಕುಮಾರನಿಗೆ ಫೋನ್ ಮಾಡಿದರೆ, "ಅಮಾಸೆಗೆ ಮುಂಚೆ ಅವರು ಬಾಗ್ಲೂ ತೆಗೆಯಲ್ಲ ಅಕ್ಕ. ನಾಲ್ಕು ದಿನ ತಡ್ಕೊಳಿ, ಮಗು ಗಟ್ಟಿಯಾಗಿದೆಯಲ್ಲ" ಎಂದ.

ಮಗು ಗಟ್ಟಿಯಾಗಿರಲಿಲ್ಲ. ಪುಡಿ ನಿಂತ ಮೇಲೆ ಮೊದಲು ಹೋದದ್ದು ಹಸಿವು. ದೋಸೆ ದೋಸೆ ಎನ್ನುತ್ತಿದ್ದವಳು ತಟ್ಟೆಯನ್ನು ದೂರ ತಳ್ಳಿದಳು. ಕಾಲು ನೋವು ಎಂದಳು. ಸ್ಕೂಲಿನಿಂದ ಬಂದವಳು ಶೂ ಬಿಚ್ಚದೆ ಸೋಫಾದ ಮೇಲೆ ಮಲಗಿಬಿಟ್ಟಳು. ಮಾರನೇ ದಿನ ವಾಂತಿ. ಬೇಸಿಗೆ ಶುರುವಾಯಿತು, ಪಿತ್ತ ಎಂದರು ಅತ್ತೆ. ನಿಂಬೆ ಶರಬತ್ತು ಕೊಟ್ಟರು. ಅದನ್ನೂ ಕಕ್ಕಿದಳು. ದುಂಡು ಮುಖ ಹಾಗೇ ಇತ್ತು. ಅದರ ಬಣ್ಣ ಮಾತ್ರ ಸುಣ್ಣದ ಹಾಗೆ.

ಮೂರನೆಯ ದಿನ ಸ್ಕೂಲಿಗೆ ಕಳಿಸಲಿಲ್ಲ. ಅಮರೇಶ್ ಮೊದಲ ಶಿಫ್ಟಿಗೆ ಹೋಗಿದ್ದ. ಅಲ್ಲಿ ಫೋನನ್ನು ಲಾಕರಿನಲ್ಲಿಟ್ಟು ಒಳಗೆ ಹೋಗಬೇಕು. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಎದುರಿನ ಖಾಲಿ ಸೈಟಿನಲ್ಲಿ ಯಾರೋ ಒಣಗಿದ ಎಲೆಯ ಗುಡ್ಡೆಗೆ ಬೆಂಕಿ ಹಚ್ಚಿದರು. ಪಾರ್ಥೇನಿಯಂ ಗಿಡ, ಪ್ಲಾಸ್ಟಿಕ್ ಕವರು, ಎಲ್ಲ ಸೇರಿ ಹಳದಿ ಹೊಗೆ. ಧನುಶ್ರೀ ಓಡಿ ಕಿಟಕಿ ಹಾಕಿದಳು. ಅಷ್ಟರಲ್ಲಿ ಅದು ಒಳಗೆ ಬಂದಾಗಿತ್ತು.

ಒಳಕೋಣೆಯಿಂದ ಆ ಸದ್ದು ಕೇಳಿಸಿತು. ಬೆಕ್ಕಿನ ಮರಿ.

ಲಾಸ್ಯ ಬಾಗಿಲಿಗೆ ಬಂದು ನಿಂತಿದ್ದಳು. ಭುಜ ಕಿವಿಯವರೆಗೆ ಏರಿತ್ತು. ಕತ್ತಿನ ಗುಳಿ ಒಳಕ್ಕೆ ಹೋಗುತ್ತಿತ್ತು, ಬರುತ್ತಿತ್ತು. ಒಂದು ಕೈಯಲ್ಲಿ ಗೊಂಬೆಯ ಕಾಲು. ಇನ್ನೊಂದು ಕೈಯಲ್ಲಿ ಸ್ಪೇಸರ್; ಕರಡಿ ಮುಖವನ್ನು ತನ್ನ ಮೂಗು ಬಾಯಿಗೆ ತಾನೇ ಒತ್ತಿ ಹಿಡಿದುಕೊಂಡಿದ್ದಳು. ಕೊಳವೆಯ ಆಚೆ ತುದಿ ಖಾಲಿ. ಪಫ್ ಇರಬೇಕಾದ ಜಾಗದಲ್ಲಿ ಒಂದು ತೂತು. ಅಮ್ಮ ಹೇಳಿಕೊಟ್ಟ ಹಾಗೆಯೇ ಮಗು ಆ ಖಾಲಿ ಡಬ್ಬಿಯೊಳಗೆ ಉಸಿರು ತೆಗೆದುಕೊಳ್ಳುತ್ತಿತ್ತು, ಬಿಡುತ್ತಿತ್ತು, ತೆಗೆದುಕೊಳ್ಳುತ್ತಿತ್ತು.

ಧನುಶ್ರೀ ಪರ್ಸು ಎತ್ತಿಕೊಂಡು ಹೊರಬಾಗಿಲಿಗೆ ಓಡಿದಳು, ಅಲ್ಲೇ ನಿಂತಳು.

ಬೀದಿಯ ಕೊನೆಯಲ್ಲೇ ಮೆಡಿಕಲ್ ಸ್ಟೋರ್. ನೀಲಿ ಪಫ್ ಸಿಗುತ್ತದೆ. ಓಡಿದರೆ ಒಂದು ಗಳಿಗೆ. ಆದರೆ ಪುಡಿ ಒಳಗಿರುವಾಗ ಆ ಗಾಳಿ ಒಳಗೆ ಹೋದರೆ ವಿಷ, ವಿಷ, ವಿಷ. ನಂಬಿದ್ದಳೇ? ನಂಬಿರಲಿಲ್ಲ. ನಂಬದೇ ಇರಲೂ ಆಗಲಿಲ್ಲ. ಪುಡಿ ಮೈಯಲ್ಲಿ ಇನ್ನೂ ಉಳಿದಿದ್ದರೆ? ತನ್ನ ಕೈಯಾರೆ ಕೊಟ್ಟು ಏನಾದರೂ ಆಗಿಬಿಟ್ಟರೆ? ಕೊಡದೆ ಏನಾದರೂ ಆಗಿಬಿಟ್ಟರೆ?

ಪ್ರೇಮಲೀಲಾ ಪೂಜೆಯಿಂದ ಎದ್ದು ಬಂದರು. ಮೊಮ್ಮಗಳನ್ನು ತೊಡೆಯ ಮೇಲೆಳೆದುಕೊಂಡು ಹಣೆಗೆ, ಎದೆಗೆ ವಿಭೂತಿ ಹಚ್ಚಿದರು. ಬೆನ್ನು ನೀವಿದರು. "ಏನಿಲ್ಲ ಕಣವ್ವ, ಹೋಗ್ಬುಡುತ್ತೆ, ಶಿವಶಿವಾ ಅನ್ನು" ಎಂದರು. ಲಾಸ್ಯ ಶಿ ಎಂದಳು. ಅಷ್ಟಕ್ಕೇ ಉಸಿರು ಮುಗಿಯಿತು.

"ಅತ್ತೆ, ನಾನು ಡಾಕ್ಟ್ರಿಗೆ ಫೋನ್ ಮಾಡ್ತೀನಿ."

"ಏನಂತ ಮಾಡ್ತೀಯ? ಅಯ್ಯನವರು ಹೇಳಿದ್ದು ಮರ್ತೋಯ್ತಾ?"

"ಅಯ್ಯನವರ ಹತ್ರ ಹೋಗೋಣ ಅಂದಿದ್ದು ನೀವು!"

"ಓಹೋ, ಆ ಸ್ಟೆರಾಡು ಬೇಡ ಬೇಡ ಅಂತ ಮನೆ ತುಂಬ ಹಾರಾಡ್ದೋಳು ಯಾರೇ? ನಾನಾ? ನನಗೆ ಆ ಹೆಸರು ಕೂಡ ಬಾಯಿಗೆ ಬರಲ್ಲ. ನೀನು ಹೆದರ್ಕೊಂಡಿದ್ದು ನೋಡೀನೇ ನಾನು ಹೆದರಿದ್ದು. ಓದ್ದೋಳು ಇಷ್ಟು ಹೆದರ್ತಾಳೆ ಅಂದ್ರೆ ಏನೋ ಇರ್ಬೇಕು ಅಂತ..."

ಅತ್ತೆಯ ಕೈ ಮಗುವಿನ ಬೆನ್ನಿನ ಮೇಲೇ ನಿಂತಿತ್ತು. ಆ ಕೈಯ ಕೆಳಗೆ ಪಕ್ಕೆಲುಬು ಒಂದೊಂದಾಗಿ ಎದ್ದು ಬೀಳುತ್ತಿದ್ದದ್ದು ಅವರಿಗೂ ತಿಳಿಯುತ್ತಿತ್ತು. ಪ್ರೇಮಲೀಲಾ ಲಾಸ್ಯಳ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. ಉಗುರಿನ ಬುಡ ನೇರಳೆಯ ಹಣ್ಣು ತಿಂದ ಹಾಗಿತ್ತು. ಅವರ ಮುಖ ಕುಸಿಯಿತು.

"ಧನು" ಎಂದರು. ಆ ದನಿಯಲ್ಲಿ ಅವಳನ್ನು ಅವರು ಎಂದೂ ಕರೆದಿರಲಿಲ್ಲ. "ಸಾಯಂಕಾಲನೂ ಒಂದು ಚಿಟಿಕೆ ಕೊಡ್ತಾ ಇದ್ದೆ ಕಣೇ. ಒಂದು ಚಿಟಿಕೇಗೇ ಇಷ್ಟು ಚೆನ್ನಾಗವ್ಳೆ, ಎರಡು ಕೊಟ್ರೆ ಪೂರ್ತಿ ವಾಸಿಯಾಗ್ಬುಡುತ್ತೆ ಅಂತ. ಅದ್ಕೇ ಬೇಗ ಮುಗ್ದಿದ್ದು. ಮಾಡೇ ಫೋನು. ಏನಾದ್ರೂ ಬೈಲಿ. ನನ್ನ ಹೆಸರು ಹೇಳು. ಮಾಡು."

ಧನುಶ್ರೀ ನಂಬರ್ ಒತ್ತಿದಳು. ಒಂದು ರಿಂಗ್. ಹೆಬ್ಬೆರಳು ಅಭ್ಯಾಸದಂತೆ ಕೆಂಪು ಗುಂಡಿಯ ಕಡೆಗೆ ಹೋಯಿತು. ಆ ಬೆರಳನ್ನು ಹಲ್ಲಿಗೆ ಕೊಟ್ಟು ಕಚ್ಚಿ ಹಿಡಿದಳು. ಎರಡನೇ ರಿಂಗ್. ಮೂರನೆಯದು.

"ಹೇಳಮ್ಮ" ಎಂದರು ಬಿಂದುಮಾಧವ. "ನಿಮ್ಮ ಮಿಸ್ಡ್ ಕಾಲ್ ನೋಡ್ತಾನೇ ಇದ್ದೀನಿ. ತಿರುಗಿ ಮಾಡಿದ್ರೆ ಎತ್ತಲ್ಲ ನೀವು."

"ಸಾರ್, ನಾನು ಸುಳ್ಳು ಹೇಳಿದ್ದೆ. ಪಫ್ ಕೊಡ್ತಾ ಇರಲಿಲ್ಲ. ಒಂದು ಪುಡಿ ಕೊಡ್ತಾ ಇದ್ವಿ, ತಿಂಗಳುಗಟ್ಟಲೆ. ಕೆನ್ನೆ ಊದ್ಕೊಂಡಿದೆ ಸಾರ್. ಪುಡಿ ಮುಗ್ದು ನಿಂತ್ಹೋಯ್ತು, ಮೂರು ದಿನ ಆಯ್ತು, ವಾಂತಿ, ಸುಸ್ತು, ಈಗ ಉಸಿರು..." ಅವಳಿಗೇ ಉಸಿರು ಸಾಲದಾಯಿತು. "ಪುಡಿ ಮೇಲೆ ಪಫ್ ಕೊಟ್ರೆ ವಿಷ ಆಗುತ್ತಾ ಸಾರ್?"

ಬೈಗುಳಕ್ಕೆ ಅವಳು ಕಣ್ಣು ಮುಚ್ಚಿದಳು.

"ಆಗಲ್ಲ" ಎಂದರು. ದನಿ ಬದಲಾಗಿತ್ತು, ತೋಟ, ಒಗ್ಗರಣೆ ಯಾವುದೂ ಅದರಲ್ಲಿರಲಿಲ್ಲ. "ಕೇಳಿಸ್ಕೊಳ್ಳಿ. ಮನೇಲಿ ನೀಲಿ ಪಫ್ ಇದೆಯಾ?"

"ಇಲ್ಲ ಸಾರ್."

"ಸ್ಪೇಸರ್?"

"ಇದೆ. ಗೊಂಬೆ ಹತ್ರ... ಇದೆ ಸಾರ್, ಅವಳ ಕೈಯಲ್ಲೇ ಇದೆ."

"ಮಗೂನ ಮಾತಾಡ್ಸಿ. ಎಷ್ಟು ಮಾತು ಬರುತ್ತೆ ನೋಡ್ಬೇಕು."

ಧನುಶ್ರೀ ಸ್ಪೀಕರ್ ಹಾಕಿ ಫೋನನ್ನು ಮಗಳ ಬಾಯಿಯ ಹತ್ತಿರ ಹಿಡಿದಳು. ಲಾಸ್ಯ ಕರಡಿ ಮುಖವನ್ನು ಸ್ವಲ್ಪ ಸರಿಸಿದಳು.

"ಡಾಕ್ಟ್ರಂಕಲ್" ಎಂದು ಒಂದು ಉಸಿರು. "ನನ್ ಪಫ್ಫು" ಎಂದು ಇನ್ನೊಂದು. "ಬುಟ್ಟೀಲಿ..." ಎಂದಳು. ಇದೆ ಅನ್ನುವುದಕ್ಕೆ ಉಸಿರು ಉಳಿದಿರಲಿಲ್ಲ.

"ಸಾಕು ಪುಟ್ಟ, ಸಾಕು. ಅಮ್ಮಂಗೆ ಕೊಡು." ಆಮೇಲೆ ಬೇಗ ಬೇಗ: "ನನ್ನ ಹತ್ರ ಬರಬೇಡಿ, ದೂರ ಆಗುತ್ತೆ. ನಿಮ್ಮ ಹತ್ತಿರದ ದೊಡ್ಡಾಸ್ಪತ್ರೆ ಎಮರ್ಜೆನ್ಸಿಗೆ ಈಗಲೇ ಹೊರಡಿ, ಸಿಕ್ಕಿದ ಗಾಡೀಲಿ. ದಾರೀಲಿ ಮೆಡಿಕಲ್‌ನಲ್ಲಿ ನೀಲಿ ಪಫ್, ಅಂಗಡಿಯವರಿಗೆ ಫೋನ್ ಕೊಡಿ, ನಾನು ಹೇಳ್ತೀನಿ. ಸ್ಪೇಸರ್‌ಗೆ ಹಾಕಿ ಗಾಡೀಲೇ ಕೊಡ್ತಾ ಹೋಗಿ. ಪುಡಿ ಇದ್ದ ಪೊಟ್ಟಣ ಖಾಲಿ ಇದ್ರೂ ತಗೊಳ್ಳಿ. ಅಲ್ಲಿ ಮೊದಲು ಹೇಳ್ಬೇಕಾದ್ದು ಉಬ್ಬಸ ಅಂತ ಮಾತ್ರ ಅಲ್ಲ. ಪುಡಿ ತಿಂತಾ ಇದ್ಲು, ಮೂರು ದಿನದಿಂದ ನಿಂತಿದೆ ಅಂತ. ಅದರಲ್ಲಿ ಸ್ಟೆರಾಯ್ಡ್ ಇದ್ದಿರಬಹುದು. ಇದ್ದಕ್ಕಿದ್ದ ಹಾಗೆ ನಿಲ್ಸಿದ್ರೆ ಮೈ ತಡ್ಕೊಳ್ಳದೆ ಕುಸಿದ್ಹೋಗುತ್ತೆ. ಅದನ್ನ ಮುಚ್ಚಿಟ್ರೆ ಅವರಿಗೂ ಕೈ ಕಟ್ಟಿದ ಹಾಗೆ. ಮುಚ್ಚಿಡಲ್ವಲ್ಲ?"

"ಇಲ್ಲ ಸಾರ್."

ಪ್ರೇಮಲೀಲಾ ಅಷ್ಟರಲ್ಲಾಗಲೇ ಪೂಜೆಯ ಗೂಡಿನಿಂದ ಮಡಿಸಿದ ಖಾಲಿ ಪೊಟ್ಟಣ ತಂದು ಸೊಸೆಯ ಕೈಯಲ್ಲಿಟ್ಟು, ಬರಿಗಾಲಲ್ಲಿ ಬೀದಿಗೆ ಓಡಿದ್ದರು. "ಆಟೋ! ಏ ಆಟೋ! ನಿಲ್ಸಪ್ಪಾ, ಮಗು ಕಣಪ್ಪಾ!" ಎನ್ನುವ ಅವರ ಕೂಗು ಹೊಗೆಯ ಆಚೆಯಿಂದ ಕೇಳುತ್ತಿತ್ತು. ಬೀದಿಯಲ್ಲಿ ಯಾವತ್ತೂ ಸೆರಗು ಜಾರಗೊಡದ ಹೆಂಗಸು ಸೆರಗನ್ನೇ ಬೀಸಿ ಗಾಡಿ ನಿಲ್ಲಿಸುತ್ತಿದ್ದರು.

ಧನುಶ್ರೀ ಮಗಳನ್ನು ಎತ್ತಿ ಸೊಂಟಕ್ಕೆ ಹಾಕಿಕೊಂಡಳು. ತುಂಬಿದ ಕೆನ್ನೆ ಅವಳ ಕತ್ತಿಗೆ ಒತ್ತಿಕೊಂಡಿತು, ತಣ್ಣಗೆ, ಬೆವರಿನಿಂದ ಒದ್ದೆಯಾಗಿ. ಗೊಂಬೆ ಹೊಸ್ತಿಲಲ್ಲಿ ಬಿತ್ತು. ಸ್ಪೇಸರ್ ಬೀಳಲಿಲ್ಲ, ಲಾಸ್ಯ ಅದನ್ನು ಬಿಡಲಿಲ್ಲ.

"ಹೊರಟ್ರಾ?"

"ಹೊರಟ್ವಿ ಸಾರ್. ಗೇಟ್ ದಾಟ್ತಾ ಇದ್ದೀನಿ."

"ಫೋನ್ ಇಡಬೇಡಿ. ಕೇಳಿಸ್ತಾ? ಏನೇ ಆದ್ರೂ ಕಟ್ ಮಾಡಬೇಡಿ."

"ಮಾಡಲ್ಲ ಸಾರ್" ಎಂದಳು ಧನುಶ್ರೀ, ಹೊಗೆಯೊಳಗೆ ಕಾಲಿಡುತ್ತಾ. "ಈ ಸಲ ಮಾಡಲ್ಲ."